ಮಕ್ಕಳ ಮಂಟಪವನ್ನು ಕಟ್ಟಿದ ಭಾಲ್ಕಿಯ ಶ್ರೀ ಚನ್ನಬಸವ ಪಟ್ಟದ್ದೇವರು

ಅಷ್ಟಾವರಣಗಳಲ್ಲಿ ಮೊದಲನೆಯ ಸ್ಥಾನವು ಗುರುವಿಗೆ ಸಲ್ಲುತ್ತದೆ. ಶಿಷ್ಯನ ಕರಸ್ಥಲಕ್ಕೆ ಇಷ್ಟಲಿಂಗವನ್ನು ಕರುಣಿಸಿ, ಕಿವಿಯಲ್ಲಿ ಮಂತ್ರವನ್ನು ಬೋಧಿಸುವುದು ಗುರುವಿನ ಕಾರ್ಯವೆಂಬುದನ್ನು ಸದ್ಭಕ್ತರೆಲ್ಲರೂ ಬಲ್ಲರು. ಆದರೆ ಅಕ್ಷರವನ್ನೇ ಅರಿಯದ ಶಿಷ್ಯನು ಶರಣರ ವಚನಗಳನ್ನು ತಾನಾಗಿ ಓದಿ ತಿಳಿದುಕೊಳ್ಳುವುದೆಂತು? ತಾಯಿನುಡಿಯಲ್ಲಿ ಪಾಠವೇ ದೊರೆಯದ ನಾಡಿನಲ್ಲಿ ಆ ನುಡಿಯ ಧರ್ಮಸಾಹಿತ್ಯವು ಉಳಿಯುವುದೆಂತು? ಈ ಎರಡು ಪ್ರಶ್ನೆಗಳನ್ನು ತಮ್ಮ ಬಾಳಿನ ಪ್ರಶ್ನೆಗಳನ್ನಾಗಿ ಮಾಡಿಕೊಂಡು, ದೀಕ್ಷಾಗುರುಗಳಾಗಿದ್ದಂತೆಯೇ ವಿದ್ಯಾಗುರುಗಳೂ ಆಗಿ ಬೆಳಗಿದ ಮಹನೀಯರು ಭಾಲ್ಕಿ ಹಿರೇಮಠ ಸಂಸ್ಥಾನದ ಪೂಜ್ಯ ಶ್ರೀ ಚನ್ನಬಸವ ಪಟ್ಟದ್ದೇವರು.

ಶ್ರೀಗಳವರ ಜನ್ಮಸ್ಥಳವು ಬೀದರ ಜಿಲ್ಲೆಯ ಕಮಲನಗರ. ಬಹುಕಾಲ ಔರಾದ ತಾಲೂಕಿಗೆ ಸೇರಿದ್ದ ಈ ಊರು ಈಗ ತಾನೇ ತಾಲೂಕಿನ ಕೇಂದ್ರವಾಗಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಡಿಸೆಂಬರ್ 22ರಂದು ಅವರ ಜನನವಾಯಿತು. ಕಮಲನಗರವು ಗಡಿಯ ಸೀಮೆ. ಒಂದು ಹಳ್ಳಿಯಲ್ಲಿ ಕನ್ನಡ ಕೇಳಿಬಂದರೆ ಮುಂದಿನ ಹಳ್ಳಿಯಲ್ಲಿ ಮರಾಠಿ ಕೇಳಿಬರುವುದು. ತೆಲುಗೂ ಅಷ್ಟೇನೂ ದೂರವಿಲ್ಲ. ಸಂತೆಯಲ್ಲಿ ದಖ್ಖನಿಯ ಮಾತು. ಇಷ್ಟು ನುಡಿಗಳ ನಡುವೆ ಬೆಳೆದ ಬಾಲಕನಿಗೆ ನುಡಿಯ ಬೆಲೆಯು ಸಹಜವಾಗಿಯೇ ತಿಳಿದಿರಬೇಕು.

ಮುಂದೆ ಅವರು ವಿದ್ಯಾಭ್ಯಾಸಕ್ಕಾಗಿ ಶಿವಯೋಗಮಂದಿರವನ್ನು ಸೇರಿದರು. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು 1909ರಲ್ಲಿ ಬಾದಾಮಿಯ ಸಮೀಪದಲ್ಲಿ, ಮಲಪ್ರಭೆಯ ದಂಡೆಯ ಮೇಲೆ ಸ್ಥಾಪಿಸಿದ ಈ ಸಂಸ್ಥೆಯು ಮಠಾಧಿಕಾರಿಗಳಾಗುವವರಿಗೆ ಯೋಗ, ಶಾಸ್ತ್ರ, ಸಾಹಿತ್ಯಗಳ ಶಿಕ್ಷಣವನ್ನು ಕೊಡುತ್ತಿತ್ತು. ಅಲ್ಲಿ ಕನ್ನಡವು ಪಾಠದ ನುಡಿಯೂ ಆಗಿತ್ತು, ಪೂಜೆಯ ನುಡಿಯೂ ಆಗಿತ್ತು. ಅಲ್ಲಿಂದ ಮರಳಿ ಬಂದು 1920ರ ದಶಕದಲ್ಲಿ ಭಾಲ್ಕಿ ಹಿರೇಮಠದ ಅಧಿಕಾರವನ್ನು ವಹಿಸಿಕೊಂಡಾಗ ಅವರ ಕಣ್ಣಿಗೆ ಬಿದ್ದ ಸ್ಥಿತಿಯೇ ಬೇರೆ.

ಆಗ ಬೀದರ ಜಿಲ್ಲೆಯು ಹೈದರಾಬಾದಿನ ನಿಜಾಮರ ಸಂಸ್ಥಾನದೊಳಗಿತ್ತು. 1884ರಲ್ಲಿ ಪಾರಸಿಯ ಸ್ಥಾನಕ್ಕೆ ಬಂದ ಉರ್ದುವು ಆಡಳಿತದ ಭಾಷೆಯಾಗಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉನ್ನತ ಶಿಕ್ಷಣವೂ ಉರ್ದುವಿನಲ್ಲಿಯೇ ನಡೆಯುತ್ತಿತ್ತು. ಕಚೇರಿಯ ಕೆಲಸ ಬೇಕಾದವನು ಉರ್ದುವನ್ನು ಕಲಿಯಲೇಬೇಕು. ಖಾಸಗಿ ಶಾಲೆಯನ್ನು ತೆರೆಯಬೇಕಾದರೆ ಸರಕಾರದ ಅಪ್ಪಣೆ ಬೇಕು. ಅದು ಸುಲಭವಾಗಿ ಸಿಕ್ಕುವಂತಿರಲಿಲ್ಲ. ಕಲಬುರಗಿಯಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯದಂಥ ಕೆಲವು ಸಂಸ್ಥೆಗಳು ಕಷ್ಟಪಟ್ಟು ದೀಪವನ್ನು ಉಳಿಸಿಕೊಂಡಿದ್ದವು. ಔರಾದ, ಭಾಲ್ಕಿಗಳ ಹಳ್ಳಿಗಾಡಿಗೆ ಆ ಬೆಳಕು ತಲುಪುತ್ತಿರಲಿಲ್ಲ.

ಇಲ್ಲಿ ಉರ್ದುವಿನ ಮೇಲೆ ದೋಷವನ್ನು ಹೊರಿಸುವುದು ನಮ್ಮ ಉದ್ದೇಶವಲ್ಲ. ಅದೂ ಈ ನೆಲದಲ್ಲಿ ಬೆಳೆದ ಸುಂದರವಾದ ನುಡಿಯೇ. ವಿದ್ಯೆಯೂ ಬೀದರಿಗೆ ಹೊಸದಲ್ಲ. 1472ರಲ್ಲಿ ಮಹಮೂದ ಗವಾನನು ಬೀದರ ನಗರದಲ್ಲಿ ಕಟ್ಟಿಸಿದ ಮದರಸಾ ತನ್ನ ಕಾಲದಲ್ಲಿ ದೂರದೇಶಗಳ ಪಂಡಿತರನ್ನು ಸೆಳೆದಿತ್ತು; ಅದರ ಹಸಿರು ನೀಲಿ ಹೆಂಚುಗಳ ಮಿನಾರು ಇಂದಿಗೂ ನಿಂತಿದೆ. ಮಾತು ಇರುವುದು ಮಗುವಿನ ಬಗೆಗೆ. ಮನೆಯಲ್ಲಿ ಅವ್ವನೊಡನೆ ಕನ್ನಡವಾಡುವ ಐದಾರು ವರ್ಷದ ಕೂಸು, ತನಗೆ ಒಂದಕ್ಷರವೂ ತಿಳಿಯದ ಮಾತಿನ ಪಾಠದೆದುರು ಕುಳಿತರೆ ಏನಾಗುವುದು? ಗುರುವು ಕೇಳಿದ್ದು ಅದಕ್ಕೆ ತಿಳಿಯದು. ತನ್ನ ಸಂಶಯವನ್ನು ಹೇಳಿಕೊಳ್ಳಲು ಬಾರದು. ಮೌನವಾಗಿ ಕುಳಿತರೆ ದಡ್ಡನೆಂಬ ಹೆಸರು, ಬಾಯಿಬಿಟ್ಟರೆ ನಗೆಪಾಟಲು. ಹೀಗೆ ಮೊದಲ ವರ್ಷದಲ್ಲಿಯೇ ಶಾಲೆಯೆಂದರೆ ಭಯವೆಂದು ಕಲಿತ ಮಗುವು ಮರುವರ್ಷ ದನ ಕಾಯಲು ಹೋಗುವುದರಲ್ಲಿ ಆಶ್ಚರ್ಯವೇನಿದೆ? ಹೆಣ್ಣುಮಕ್ಕಳಂತೂ ಅಷ್ಟು ದೂರವೂ ಬರುತ್ತಿರಲಿಲ್ಲ.

ಪಟ್ಟದ್ದೇವರು ಈ ರೋಗದ ಮೂಲವನ್ನು ಕಂಡುಕೊಂಡರು. ಅದಕ್ಕೆ ತಕ್ಕ ಮದ್ದನ್ನೂ ಕಂಡುಕೊಂಡರು. ಶಾಲೆಯ ಬಾಗಿಲಿಗೆ ಉರ್ದು ಫಲಕ, ಬಾಗಿಲೊಳಗೆ ಕನ್ನಡ ಪಾಠ. ಹೊರಗಿನಿಂದ ನೋಡಿದ ಅಧಿಕಾರಿಗೆ ಕಾಣುವುದು ಅಪ್ಪಣೆಯ ಭಾಷೆ. ಒಳಗೆ ಕುಳಿತ ಮಗುವಿಗೆ ಕೇಳುವುದು ತಾಯಿಯ ಭಾಷೆ. ಬೀದರ ಜಿಲ್ಲೆಯ ಜನರು ಈ ಸಂಗತಿಯನ್ನು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ಅವರನ್ನು ಕನ್ನಡದ ಪಟ್ಟದ್ದೇವರೆಂದು ಕರೆಯುವುದೂ ಇದರಿಂದಲೇ.

ಸತ್ಯವನ್ನೇ ದೇವಲೋಕವೆಂದು ಸಾರಿದ ಶರಣರ ಪೀಠದಲ್ಲಿ ಕುಳಿತವರು, ಒಳಗೊಂದು ಹೊರಗೊಂದು ಎಂಬ ಫಲಕವನ್ನು ತೂಗುಹಾಕಬಹುದೆ ಎಂದು ಯಾರಾದರೂ ಕೇಳಬಹುದು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ತನ್ನ ಲಾಭಕ್ಕಾಗಿ ಹೊರಗೆ ಒಂದನ್ನು ತೋರಿಸಿ ಒಳಗೆ ಇನ್ನೊಂದನ್ನು ನಡೆಸುವವನು ವಂಚಕನೇ ಸರಿ. ಇಲ್ಲಿ ಶ್ರೀಗಳವರಿಗೆ ಲಾಭವೇನಿತ್ತು? ಪತ್ತೆಯಾದರೆ ಶಾಲೆ ಮುಚ್ಚುವುದು, ಮಠವು ಸರಕಾರದ ಅವಕೃಪೆಗೆ ಗುರಿಯಾಗುವುದು. ನಷ್ಟವೆಲ್ಲ ತಮಗೆ, ಫಲವೆಲ್ಲ ಮಕ್ಕಳಿಗೆ ಎಂಬ ಹಂಚಿಕೆಯಿದು. ಫಲಕವು ಶಾಲೆಗೆ ಕವಚವಾಗಿತ್ತೇ ಹೊರತು ಮುಖವಾಡವಾಗಿರಲಿಲ್ಲ. ಒಳಗೆ ನಡೆದ ಪಾಠದಲ್ಲಿ ಸುಳ್ಳಿನ ಲೇಶವೂ ಇರಲಿಲ್ಲ.

ಆದರೆ ನುಡಿಯೊಂದರಿಂದಲೇ ಶಾಲೆಯಾಗುವುದಿಲ್ಲವೆಂಬುದನ್ನೂ ಅವರು ಅರಿತಿದ್ದರು. ಹಸಿದ ಮಗುವಿಗೆ ಕಾಗುಣಿತವು ತಲೆಗೆ ಹತ್ತದು. ದೂರದ ಹಳ್ಳಿಯ ಮಗುವಿಗೆ ರಾತ್ರಿ ತಂಗಲು ಸ್ಥಳ ಬೇಕು. ಆದುದರಿಂದ ಶಾಲೆಯ ಬದಿಯಲ್ಲಿಯೇ ಪ್ರಸಾದನಿಲಯವು ಹುಟ್ಟಿಕೊಂಡಿತು. ಶ್ರೀಗಳವರು ಜೋಳಿಗೆ ಹಿಡಿದು ಊರೂರು ತಿರುಗಿದರು. ಭಕ್ತರು ಕಾಳುಕಡಿಗಳನ್ನು ನೀಡಿದರು. ದಾಸೋಹವೆಂಬುದು ಹಬ್ಬದ ದಿನದ ಊಟವಲ್ಲ, ಓದುವ ಮಗುವಿನ ದಿನದಿನದ ತುತ್ತು ಎಂಬ ಹೊಸ ಅರ್ಥವನ್ನು ಗೃಹಸ್ಥರು ಅವರಿಂದ ಕಲಿತರು. ತಾನು ಕೊಟ್ಟ ಜೋಳದಿಂದ ಊರಿನ ಮಗುವೊಂದು ಓದುತ್ತಿದೆಯೆಂದು ತಿಳಿದ ರೈತನಿಗೆ ಆ ಶಾಲೆಯು ಪರರದೆಂದು ತೋರಲಾರದು.

ಆ ಪಂಕ್ತಿಯಲ್ಲಿ ಯಾರು ಕುಳಿತುಕೊಳ್ಳಬೇಕೆಂಬುದು ಇನ್ನೊಂದು ಕಠಿಣ ಪ್ರಶ್ನೆ. ಅಂದಿನ ಸಮಾಜದಲ್ಲಿ ಅಸ್ಪೃಶ್ಯರೆನಿಸಿದವರಿಗೆ ಮಠದ ಹೊಸ್ತಿಲು ದೂರವಾಗಿತ್ತು. ಪಟ್ಟದ್ದೇವರು ಜಾತಿಯನ್ನು ಕೇಳದೆ ಮಕ್ಕಳನ್ನು ಬರಮಾಡಿಕೊಂಡರು. ದಲಿತರಿಗೆ ಮಠದ ಬಾಗಿಲನ್ನು ತೆರೆದರು. ಕಲ್ಯಾಣದಲ್ಲಿ ಮಾದಾರ ಚನ್ನಯ್ಯ, ಡೋಹರ ಕಕ್ಕಯ್ಯರನ್ನು ಬಸವಣ್ಣನವರು ಬಂಧುಗಳೆಂದು ಅಪ್ಪಿಕೊಂಡುದನ್ನು ಪುರಾಣಪ್ರವಚನದಲ್ಲಿ ಕೇಳಿ ತಲೆದೂಗುವುದು ಸುಲಭ. ತನ್ನ ಮಗನ ಮಗ್ಗುಲಲ್ಲಿಯೇ ಆ ಕುಲದ ಮಗುವು ತಟ್ಟೆಯಿಟ್ಟುಕೊಂಡು ಕುಳಿತಾಗ ಸುಮ್ಮನಿರುವುದು ಕಷ್ಟ. ಆ ಕಷ್ಟದ ಪರೀಕ್ಷೆಗೆ ಶ್ರೀಗಳವರು ತಮ್ಮ ಭಕ್ತರನ್ನು ಒಡ್ಡಿದರು. ಅನುಭವಮಂಟಪದಲ್ಲಿ ಹಿರಿಯರು ಕಲಿತ ಪಾಠವನ್ನು ಶಾಲೆಯ ಚಾಪೆಯ ಮೇಲೆ ಎಳೆಯರು ಕಲಿಯತೊಡಗಿದರು. ಜೊತೆಗೆ ಕುಳಿತು ಉಂಡ ಮಕ್ಕಳು ಜೊತೆಗೆ ಕುಳಿತು ಓದುವಾಗ ಒಬ್ಬರನ್ನೊಬ್ಬರು ಹೀನೈಸುವುದು ತಾನಾಗಿಯೇ ಕಡಿಮೆಯಾಗುತ್ತದೆ.

1947-48ರ ರಜಾಕಾರರ ಹಾವಳಿಯಲ್ಲಿ ಬೀದರ ಜಿಲ್ಲೆಯು ಬಹಳ ನೊಂದಿತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ಕನ್ನಡ ಭಾಗವು ಮೈಸೂರು ರಾಜ್ಯವನ್ನು ಸೇರಿತು. 1973ರಲ್ಲಿ ಆ ರಾಜ್ಯವೇ ಕರ್ನಾಟಕವೆಂಬ ಹೆಸರನ್ನು ಪಡೆಯಿತು. ಫಲಕವನ್ನು ಮರೆಮಾಚುವ ಅಗತ್ಯವು ಅಳಿದುಹೋಯಿತು. ಗಡಿಯ ತುದಿಯಲ್ಲಿದ್ದ ಔರಾದ, ಭಾಲ್ಕಿಗಳು ಕನ್ನಡ ನಾಡಿನಲ್ಲಿ ಉಳಿದುದಕ್ಕೆ ಆ ಮೊದಲು ಒಳಕೋಣೆಗಳಲ್ಲಿ ಕನ್ನಡ ಕಲಿತ ಮಕ್ಕಳ ಪಾಲೂ ಉಂಟೆಂದು ಹೇಳಿದರೆ ಅತಿಶಯೋಕ್ತಿಯಾಗದು. ಶ್ರೀಗಳವರ ಶಾಂತಿವರ್ಧಕ ಶಿಕ್ಷಣ ಸಂಸ್ಥೆಯು ಮುಂದೆ ಜಿಲ್ಲೆಯಲ್ಲಿ ಹಲವು ಶಾಲೆಗಳ ತಾಯಿಯಾಯಿತು.

1955ರಲ್ಲಿ ಬಸವಕಲ್ಯಾಣದಲ್ಲಿ ಅನುಭವಮಂಟಪದ ಪುನರ್ನಿರ್ಮಾಣಕ್ಕೆ ಅವರು ಕೈಯಿಕ್ಕಿದರು. ಹನ್ನೆರಡನೆಯ ಶತಮಾನದಲ್ಲಿ ಅಲ್ಲಮಪ್ರಭುಗಳ ಅಧ್ಯಕ್ಷತೆಯಲ್ಲಿ ಶರಣಶರಣೆಯರು ಕೂಡಿ ಅನುಭಾವವನ್ನು ನಡೆಸಿದ ನೆಲದಲ್ಲಿ ಮತ್ತೆ ಅಂಥದೊಂದು ಕೂಟದ ಸ್ಥಾನವನ್ನು ಕಟ್ಟುವುದು ಅವರ ಹಂಬಲವಾಗಿತ್ತು. ಆದರೆ ಅವರ ಬಾಳನ್ನು ಪರಿಶೀಲಿಸಿದವರಿಗೆ, ಅವರು ಮೊದಲು ಕಟ್ಟಿದ ಮಂಟಪವು ಮಕ್ಕಳದೇ ಎಂದು ತೋರುವುದು. ಅಲ್ಲಿಯೂ ಕುಲದ ಭೇದವಿರಲಿಲ್ಲ. ಅಲ್ಲಿಯೂ ಆಡುವ ನುಡಿಯೇ ಅರಿವಿನ ನುಡಿಯಾಗಿತ್ತು. ಗೌರವ ಡಾಕ್ಟರೇಟ್ ಪದವಿಯು ಅವರನ್ನು ಹುಡುಕಿಕೊಂಡು ಬಂದಿತು. ನೂರು ವರುಷಗಳನ್ನು ದಾಟಿದ ತುಂಬುಬಾಳನ್ನು ಬಾಳಿ, 1999ರ ಏಪ್ರಿಲ್ 22ರಂದು ಅವರು ಲಿಂಗೈಕ್ಯರಾದರು. ಭಾಲ್ಕಿಯ ಮಠವು ಅವರ ತರುವಾಯ ಕರಡ್ಯಾಳದ ಗುರುಕುಲದಲ್ಲಿ ವಿದ್ಯಾದಾನವನ್ನು ಮುಂದುವರಿಸಿತು. ಹೆತ್ತವರಿಲ್ಲದ ಕೂಸುಗಳನ್ನು ಸಾಕುವ ಕೆಲಸವನ್ನೂ ಕೈಗೊಂಡಿತು.

ಭಕ್ತ ಮಹಾಶಯರೇ, ಈ ಚರಿತ್ರೆಯನ್ನು ಓದಿ ಕೈಮುಗಿದು ಸುಮ್ಮನಾದರೆ ಸಾಲದು. ಇಂದು ನಮ್ಮ ಊರುಗಳಲ್ಲಿ ಶಾಲೆಗಳಿಗೆ ಕೊರತೆಯಿಲ್ಲ. ಹಲವು ಶಾಲೆಗಳ ಫಲಕದ ಮೇಲೆ ಈಗ ಇಂಗ್ಲಿಷ್ ಇದೆ. ಇಂಗ್ಲಿಷನ್ನು ಮಕ್ಕಳು ಕಲಿಯಲಿ, ಅದು ತಪ್ಪಲ್ಲ. ಆದರೆ ಆ ಫಲಕದ ಕೆಳಗೆ ಹಾದು ಒಳಗೆ ಹೋದ ನಮ್ಮ ಮಗುವಿಗೆ ಗುರುವಿನ ಮಾತು ತಿಳಿಯುತ್ತಿದೆಯೆ? ತಿಳಿಯದಾಗ ನಿರ್ಭಯವಾಗಿ ಕೇಳುವ ಧೈರ್ಯ ಅದಕ್ಕಿದೆಯೆ? ಬಡವರ ಮಗುವೂ ಅನ್ಯಕುಲದ ಮಗುವೂ ಅದರ ಮಗ್ಗುಲಲ್ಲಿ ಸಮನಾಗಿ ಕುಳಿತಿವೆಯೆ? ಮಧ್ಯಾಹ್ನದ ಅನ್ನವನ್ನು ಎಲ್ಲರೂ ಒಂದೇ ಸಾಲಿನಲ್ಲಿ ಉಣ್ಣುತ್ತಾರೆಯೆ? ತಿಂಗಳಿಗೊಮ್ಮೆಯಾದರೂ ಗೃಹಸ್ಥರು ಶಾಲೆಗೆ ಹೋಗಿ ಇದನ್ನು ಕಣ್ಣಾರೆ ನೋಡಬೇಕು. ಸಂಜೆ ಮನೆಗೆ ಬಂದ ಮಗುವನ್ನು, ಎಷ್ಟು ಅಂಕ ಬಂದವೆಂದು ಕೇಳುವ ಮೊದಲು, ಇಂದು ಯಾರೊಡನೆ ಕೂಡಿ ಉಂಡೆಯೆಂದು ಕೇಳಬೇಕು.

ಪಟ್ಟದ್ದೇವರು ಫಲಕವನ್ನು ಕಾಲಕ್ಕೆ ಬಿಟ್ಟುಕೊಟ್ಟರು. ಒಳಗಿನ ಮಗುವನ್ನು ಬಿಟ್ಟುಕೊಡಲಿಲ್ಲ. ಅದನ್ನು ನಮ್ಮ ನಮ್ಮ ಊರಿನ ಶಾಲೆಯಲ್ಲಿ ಕಾಪಾಡಿಕೊಳ್ಳುವುದೇ ನಾವು ಅವರಿಗೆ ಸಲ್ಲಿಸಬಹುದಾದ ನಿಜವಾದ ಶರಣಾರ್ಥಿ.