ಲೂಯಿ ಪಾಶ್ಚರ್ ಮತ್ತು ರೇಷ್ಮೆಹುಳು

ಲೂಯಿ ಪಾಶ್ಚರನು 1822ರ ಡಿಸೆಂಬರ್ 27ರಂದು ಫ್ರಾನ್ಸಿನ ಡೋಲ್ ಎಂಬ ಊರಿನಲ್ಲಿ ಜನಿಸಿದನು. ಆತನ ತಂದೆ ಚರ್ಮ ಹದಮಾಡುವ ವೃತ್ತಿಯವನು. ರಸಾಯನಶಾಸ್ತ್ರವನ್ನು ವ್ಯಾಸಂಗ ಮಾಡಿದ ಪಾಶ್ಚರನು, ಹುದುಗುವಿಕೆಗೆ ಸೂಕ್ಷ್ಮಜೀವಿಗಳೇ ಕಾರಣವೆಂದು ತೋರಿಸಿ ಪ್ರಖ್ಯಾತನಾದನು.

ಆ ಕಾಲದಲ್ಲಿ ದಕ್ಷಿಣ ಫ್ರಾನ್ಸಿನ ರೇಷ್ಮೆ ಬೆಳೆಗಾರರು ದೊಡ್ಡ ವಿಪತ್ತಿಗೆ ಸಿಲುಕಿದ್ದರು. ಹುಳುಗಳ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು ಮೂಡಿ, ಗೂಡು ಕಟ್ಟುವ ಮೊದಲೇ ಅವು ಸಾಯುತ್ತಿದ್ದವು. ಈ ರೋಗಕ್ಕೆ ಪೆಬ್ರಿನ್ ಎಂದು ಹೆಸರು. ಕನ್ನಡ ನಾಡಿನಲ್ಲಿ ಇದನ್ನು ಗಂಟುರೋಗವೆನ್ನುತ್ತಾರೆ. 1865ರಲ್ಲಿ ಪಾಶ್ಚರನ ಗುರುವಾದ ಡ್ಯುಮಾ, ಇದರ ಕಾರಣವನ್ನು ಕಂಡುಹಿಡಿಯುವಂತೆ ಶಿಷ್ಯನನ್ನು ಕೋರಿದನು. ಪಾಶ್ಚರನು ಅದುವರೆಗೆ ರೇಷ್ಮೆಹುಳುವನ್ನು ಮುಟ್ಟಿಯೂ ನೋಡಿದವನಲ್ಲ. ಆದರೂ ಗುರುವಿನ ಮಾತಿಗೆ ತಲೆಬಾಗಿ ಅಲೆಸ್ ಪಟ್ಟಣಕ್ಕೆ ತೆರಳಿದನು.

ಅದೇ ವರ್ಷ ಆತನ ತಂದೆಯೂ ಎರಡು ವರ್ಷದ ಕಿರಿಯ ಮಗಳೂ ತೀರಿಕೊಂಡರು. ಮರುವರ್ಷ ಮತ್ತೊಬ್ಬ ಮಗಳು ವಿಷಮಶೀತ ಜ್ವರಕ್ಕೆ ಬಲಿಯಾದಳು. ಇಷ್ಟು ದುಃಖದ ನಡುವೆಯೂ ಆತನು ಸಂಶೋಧನೆಯನ್ನು ಕೈಬಿಡಲಿಲ್ಲ.

ರೋಗಪೀಡಿತ ಹುಳುಗಳ ದೇಹದಲ್ಲಿ ಹೊಳೆಯುವ ಸೂಕ್ಷ್ಮ ಕಣಗಳಿರುವುದನ್ನು ಹಿಂದಿನ ವಿಜ್ಞಾನಿಗಳೇ ಕಂಡಿದ್ದರು. ಅವು ರೋಗದ ಪರಿಣಾಮವೇ ಹೊರತು ಕಾರಣವಲ್ಲವೆಂದು ಪಾಶ್ಚರನು ಮೊದಲು ಭಾವಿಸಿದನು. ಆದರೆ ಪ್ರಯೋಗಗಳು ಬೇರೆಯದನ್ನೇ ಹೇಳಿದಾಗ, ತನ್ನ ಅಭಿಪ್ರಾಯವನ್ನು ಹಿಂಜರಿಯದೆ ತಿದ್ದಿಕೊಂಡನು. ಆ ಕಣಗಳೇ ರೋಗಾಣುಗಳು. ಸೋಂಕು ತಗುಲಿದ ಎಲೆಯಿಂದ ಮಾತ್ರವಲ್ಲದೆ, ತಾಯಿಚಿಟ್ಟೆಯಿಂದ ಮೊಟ್ಟೆಯ ಮೂಲಕವೂ ಅವು ಮರಿಗಳಿಗೆ ಬರುತ್ತಿದ್ದವು. ಇಂದಿನ ವಿಜ್ಞಾನಿಗಳು ಇವನ್ನು ಬ್ಯಾಕ್ಟೀರಿಯಗಳೆಂದು ಎಣಿಸದೆ, ಶಿಲೀಂಧ್ರಗಳಿಗೆ ಹತ್ತಿರವಾದ ಮೈಕ್ರೋಸ್ಪೋರಿಡಿಯಗಳ ಗುಂಪಿಗೆ ಸೇರಿಸುತ್ತಾರೆ.

ಕಾರಣ ತಿಳಿದ ಮೇಲೆ ಪರಿಹಾರವು ಸುಲಭವಾಯಿತು. ಪ್ರತಿಯೊಂದು ತಾಯಿಚಿಟ್ಟೆಯನ್ನೂ ಬೇರೆ ಬೇರೆಯಾಗಿ ಮೊಟ್ಟೆಯಿಡಲು ಬಿಡಬೇಕು. ಆಮೇಲೆ ಆ ಚಿಟ್ಟೆಯನ್ನು ನೀರಿನಲ್ಲಿ ಅರೆದು, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಬೇಕು. ರೋಗಾಣು ಕಂಡುಬಂದರೆ ಅದರ ಮೊಟ್ಟೆಗಳನ್ನು ಸುಟ್ಟುಬಿಡಬೇಕು. ಕಾಣದಿದ್ದರೆ ಮಾತ್ರ ಸಾಕಣೆಗೆ ಇರಿಸಿಕೊಳ್ಳಬೇಕು.

1868ರಲ್ಲಿ ಪಾರ್ಶ್ವವಾಯು ಬಡಿದು ಪಾಶ್ಚರನ ದೇಹದ ಎಡಭಾಗವು ಸ್ವಾಧೀನ ತಪ್ಪಿತು. ಆತನು ಹಾಸಿಗೆಯಲ್ಲಿದ್ದುಕೊಂಡೇ ಸಹಾಯಕರ ಮೂಲಕ ಕೆಲಸವನ್ನು ಮುಂದುವರಿಸಿ, 1870ರಲ್ಲಿ ರೇಷ್ಮೆಹುಳುವಿನ ರೋಗಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಹುಚ್ಚುನಾಯಿ ಕಡಿತಕ್ಕೆ ಲಸಿಕೆಯನ್ನು ಮನುಷ್ಯರಿಗೆ ನೀಡಿ ಲೋಕವಿಖ್ಯಾತನಾದುದು ಅನಂತರ, 1885ರಲ್ಲಿ. 1895ರ ಸೆಪ್ಟೆಂಬರ್ 28ರಂದು ಆತನು ನಿಧನನಾದನು.

ಕರ್ನಾಟಕದ ರೇಷ್ಮೆ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ರೋಗರಹಿತವಾದ ಮೊಟ್ಟೆಯು ರೈತನ ಮನೆ ಸೇರುವುದರ ಹಿಂದೆ, ಮಕ್ಕಳನ್ನು ಕಳೆದುಕೊಂಡರೂ ಕರ್ತವ್ಯವನ್ನು ಮರೆಯದ ಆ ವಿಜ್ಞಾನಿಯ ಶ್ರಮವಿದೆ.