ಉಕ್ಕಿಗೆ ಮೈಕ್ರೋಸ್ಕೋಪ್ ಹಿಡಿದ ಸಾರ್ಬಿ

ಮೆಟೀರಿಯಲ್ ಲ್ಯಾಬಿನಲ್ಲಿ ಎಮರಿ ಪೇಪರ್ ಮೇಲೆ ಉಕ್ಕಿನ ತುಂಡು ಉಜ್ಜಿ ಉಜ್ಜಿ ಕೈ ನೋಯಿಸಿಕೊಂಡಿದ್ದೀರಲ್ಲ, ಅದರ ಮೂಲಪುರುಷ ಹೆನ್ರಿ ಕ್ಲಿಫ್ಟನ್ ಸಾರ್ಬಿ.

1826ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಬಳಿ ಹುಟ್ಟಿದ. ಚಾಕು-ಚೂರಿಗೆ ಹೆಸರಾದ ಊರು ಅದು, ಮನೆತನದ ಕಸುಬೂ ಅದೇ. ಇಪ್ಪತ್ತು ದಾಟುವ ಹೊತ್ತಿಗೆ ಅಪ್ಪ ತೀರಿಕೊಂಡು ಆಸ್ತಿ ಕೈಗೆ ಬಂತು. ಈತ ವ್ಯಾಪಾರ ಬಿಟ್ಟು ಮನೆಯಲ್ಲೇ ಲ್ಯಾಬ್ ಕಟ್ಟಿಕೊಂಡ. ಓದಿ ಪಡೆದ ಡಿಗ್ರಿ ಇಲ್ಲ, ನೌಕರಿ ಇಲ್ಲ, ಮದುವೆಯೂ ಇಲ್ಲ. ಮೊದಲು ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ತೇಯ್ದು ಮೈಕ್ರೋಸ್ಕೋಪಿನಲ್ಲಿಟ್ಟು ನೋಡಿದ. ಬೆಟ್ಟ ನೋಡೋಕೆ ಮೈಕ್ರೋಸ್ಕೋಪ್ ಬೇಕಾ ಅಂತ ಜನ ನಕ್ಕರು.

1863ರಲ್ಲಿ ಉಕ್ಕಿಗೆ ಕೈ ಹಾಕಿದ. ಆಗೆಲ್ಲ ಉಕ್ಕನ್ನು ಮುರಿದು, ಮುರಿದ ಜಾಗ ನೋಡಿ ಗುಣ ಅಳೆಯುತ್ತಿದ್ದರು. ಸಾರ್ಬಿಗೆ ಅದು ಸಾಲಲಿಲ್ಲ. ಉಕ್ಕಿನೊಳಗೆ ಬೆಳಕು ಹಾಯುವುದಿಲ್ಲ. ಹಾಗಾಗಿ ಮೇಲ್ಮೈಯನ್ನು ಕನ್ನಡಿಯಂತೆ ಪಾಲಿಶ್ ಮಾಡಿ, ತೆಳು ಆಸಿಡ್ ತಾಗಿಸಿ, ವಾಪಸ್ ಬಂದ ಬೆಳಕಿನಲ್ಲಿ ನೋಡಿದ. ಆಸಿಡ್ ಎಲ್ಲ ಕಡೆ ಒಂದೇ ಸಮ ತಿನ್ನಲಿಲ್ಲ. ನುಣುಪಾಗಿ ಕಾಣುತ್ತಿದ್ದ ಲೋಹದಲ್ಲಿ ಹರಳುಗಳು, ಅಂದ್ರೆ ನಮ್ಮ ಗ್ರೇನ್‌ಗಳು, ಅವುಗಳ ನಡುವೆ ಗದ್ದೆಯ ಬದುಗಳಂಥ ಗೆರೆಗಳು! 1864ರಲ್ಲಿ ಬಾತ್ ನಗರದ ವಿಜ್ಞಾನ ಸಭೆಯಲ್ಲಿ ಚಿತ್ರ ಸಮೇತ ತೋರಿಸಿದ. ಉಕ್ಕಿನ ಧಣಿಗಳು ತಲೆಕೆಡಿಸಿಕೊಳ್ಳಲಿಲ್ಲ. ಹೆಚ್ಚುಕಮ್ಮಿ ಇಪ್ಪತ್ತು ವರ್ಷ ಆ ಕೆಲಸ ಮೂಲೆಯಲ್ಲಿ ಬಿತ್ತು. ಸಾರ್ಬಿ ಕೊರಗುತ್ತಾ ಕೂರಲಿಲ್ಲ. ದೋಣಿ ಕೊಂಡು ಸಮುದ್ರದ ಜೀವಿಗಳ ಹಿಂದೆ ಬಿದ್ದ. 1880ರ ದಶಕದಲ್ಲಿ ಉಕ್ಕಿನವರೇ ಕರೆದಾಗ ಇನ್ನೂ ಹೆಚ್ಚು ದೊಡ್ಡದು ಮಾಡಿ ನೋಡಿ, ಪರೀಕ್ಷೆಯಲ್ಲಿ ನಾವು ಬಿಡಿಸುವ ಪರ್ಲೈಟ್‌ನ ಪದರಗಳನ್ನು ಬಿಡಿಬಿಡಿಯಾಗಿ ಕಂಡ. 1908ರಲ್ಲಿ ತೀರಿಕೊಂಡ.

ಆ ಬದುಗಳ ಬೆಲೆ ತಿಳಿದದ್ದು ಆಮೇಲೆ. ಲೋಹ ಬಾಗುವಾಗ ಒಳಗೆ ಡಿಸ್‌ಲೊಕೇಶನ್‌ಗಳು ಜಾರುತ್ತವೆ; ಗ್ರೇನ್ ಬೌಂಡರಿ ಅವಕ್ಕೆ ಅಡ್ಡ ನಿಲ್ಲುತ್ತದೆ. ಗ್ರೇನ್ ಸಣ್ಣದಾದಷ್ಟೂ ಅಡ್ಡಗೋಡೆ ಜಾಸ್ತಿ, ಲೋಹ ಗಟ್ಟಿ. 1951ರಲ್ಲಿ ಹಾಲ್, 1953ರಲ್ಲಿ ಪೆಚ್ ಇದಕ್ಕೆ ಲೆಕ್ಕ ಕೊಟ್ಟರು: ಗ್ರೇನ್ ಗಾತ್ರ ಕಾಲು ಭಾಗಕ್ಕೆ ಇಳಿದರೆ, ಬೌಂಡರಿಯಿಂದ ಸಿಗುವ ಬಲ ಎರಡು ಪಟ್ಟು. ಹಾಗಂತ ಇಳಿಸುತ್ತಲೇ ಹೋದರೆ? ಎಷ್ಟೋ ಲೋಹಗಳಲ್ಲಿ ಸುಮಾರು 10-20 ನ್ಯಾನೋಮೀಟರ್ ಹತ್ತಿರ ಆಟ ತಿರುಗುತ್ತದೆ. ಅಷ್ಟು ಪುಟ್ಟ ಗ್ರೇನ್‌ನಲ್ಲಿ ಡಿಸ್‌ಲೊಕೇಶನ್‌ಗಳು ಸಾಲುಗಟ್ಟಲು ಜಾಗವೇ ಇಲ್ಲ. ತಡೆಯಬೇಕಾದ ಬೌಂಡರಿಗಳೇ ಜಾರತೊಡಗುತ್ತವೆ, ಗಟ್ಟಿತನ ಇಳಿಯುತ್ತದೆ. ಬೆಳಕಿನ ಮೈಕ್ರೋಸ್ಕೋಪ್ 200 ನ್ಯಾನೋಮೀಟರ್‌ಗಿಂತ ಸಣ್ಣದನ್ನು ಬಿಡಿಸಿ ತೋರಿಸಲಾರದು. ಈ ಗ್ರೇನ್‌ಗಳು ಸಾರ್ಬಿಯ ಕಣ್ಣಿಗೆ ಬೀಳುವಂತೆಯೇ ಇರಲಿಲ್ಲ.