ಬಿಳಿ ಪುಡಿಯ ಗುಟ್ಟು ಹೇಳುವ ಬೆಳಕು: ಸಿ. ವಿ. ರಾಮನ್



ನೀವು ಹಲ್ಲುಜ್ಜುವ ಪೇಸ್ಟಿನ ಬಿಳುಪು, ಕಿಟಕಿಗೆ ಬಳಿದ ಪೇಂಟಿನ ಬಿಳುಪು ಹೆಚ್ಚಾಗಿ ಒಂದೇ ಪುಡಿಯಿಂದ ಬಂದದ್ದು. ಅದರ ಹೆಸರು ಟೈಟಾನಿಯಂ ಡೈಆಕ್ಸೈಡ್. (ಗೋಡೆಯ ಸುಣ್ಣ ಬೇರೆ, ಸೀಮೆಸುಣ್ಣವೂ ಬೇರೆ.) ಇದನ್ನು ಅತಿ ಸೂಕ್ಷ್ಮ ಕಣಗಳಾಗಿ ತಯಾರಿಸಿ, ಕೊಳೆನೀರಿಗೆ ಬೆರೆಸಿ ಬಿಸಿಲಿಗಿಟ್ಟರೆ ನೀರಿನಲ್ಲಿರುವ ಬಣ್ಣ, ಕೊಳೆಗಳನ್ನು ಒಡೆದುಹಾಕುತ್ತದೆ. ತಾನು ಮಾತ್ರ ಖರ್ಚಾಗುವುದಿಲ್ಲ. ಶಿಡ್ಲಘಟ್ಟದಲ್ಲಿ ಬಿಚ್ಚಿದ ರೇಷ್ಮೆ ನೂಲಿಗೆ ಮುಂದೆ ಬಣ್ಣ ಹಾಕುತ್ತಾರಲ್ಲವೇ? ಆ ಬಣ್ಣದ ನೀರನ್ನು ತಿಳಿಯಾಗಿಸಲು ಇಂಥ ಪುಡಿ ನೆರವಾಗಬಲ್ಲದು. ಪೇಸ್ಟನ್ನು ನೀರಿಗೆ ಹಾಕಿ ನೋಡಬೇಡಿ, ಅದರಿಂದ ಈ ಕೆಲಸ ಆಗದು!

ಈ ಪುಡಿಯನ್ನು ಚುರುಕುಗೊಳಿಸಲು ಹೊರಟ ವಿಜ್ಞಾನಿಗಳು ಇಂದಿಗೂ ಒಬ್ಬರ ಸಂಶೋಧನೆಯ ನೆರವು ಪಡೆಯುತ್ತಾರೆ. ಅವರೇ ಚಂದ್ರಶೇಖರ ವೆಂಕಟ ರಾಮನ್.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಉಪಾಧ್ಯಾಯರು. ಓದಿನಲ್ಲಿ ಮುಂದಿದ್ದ ರಾಮನ್ 1907ರಲ್ಲಿ ಮದರಾಸಿನಲ್ಲಿ ಎಂ.ಎ. ಮುಗಿಸಿದರು. ಆ ಕಾಲದಲ್ಲಿ ವಿಜ್ಞಾನವನ್ನೇ ನಂಬಿ ಬದುಕುವುದು ಕಷ್ಟವಾಗಿತ್ತು. ಹಾಗಾಗಿ ಕಲ್ಕತ್ತೆಯಲ್ಲಿ ಸರ್ಕಾರದ ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾದರು. ಆದರೆ ಕಚೇರಿಗೆ ಮೊದಲು ಮತ್ತು ಕಚೇರಿ ಮುಗಿದ ಮೇಲೆ ಅವರು ಇರುತ್ತಿದ್ದುದು ಬೌಬಜಾರ್ ಬೀದಿಯ ವಿಜ್ಞಾನ ಸಂಘದ ಪ್ರಯೋಗಾಲಯದಲ್ಲಿ. ಹತ್ತು ವರ್ಷ ಹೀಗೆಯೇ ನಡೆಯಿತು. 1917ರಲ್ಲಿ ಹೆಚ್ಚಿನ ಸಂಬಳದ ಹುದ್ದೆ ಬಿಟ್ಟು, ಕಡಿಮೆ ಸಂಬಳಕ್ಕೆ ಪ್ರಾಧ್ಯಾಪಕರಾದರು.

ಅಲ್ಲಿ ಅವರು ಮೃದಂಗ, ತಬಲಗಳ ನಾದವನ್ನೂ ಅಭ್ಯಾಸ ಮಾಡಿದರು. ಚರ್ಮದ ನಡುವಿನ ಕಪ್ಪು ವೃತ್ತವೇ ಅವುಗಳ ಇಂಪಿಗೆ ಕಾರಣವೆಂದು ತೋರಿಸಿದರು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1921ರಲ್ಲಿ ರಾಮನ್ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗಿಬಂದರು. ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಆಕಾಶದ ಬಣ್ಣವೇ ಸಮುದ್ರದಲ್ಲಿ ಪ್ರತಿಫಲಿಸುತ್ತದೆ ಎಂದು ಲಾರ್ಡ್ ರ‍್ಯಾಲೆ ಎಂಬ ದೊಡ್ಡ ವಿಜ್ಞಾನಿ ಹೇಳಿದ್ದರು. ಚಿಂತಾಮಣಿ ಕಡೆಯ ಒಂದು ಶಾಲೆಯಲ್ಲಿ ನಾನಿದನ್ನು ಹೇಳಿದಾಗ, ಹಾಗಿದ್ದರೆ ಅದೇ ಆಕಾಶದ ಕೆಳಗಿರುವ ನಮ್ಮೂರ ಕೆರೆ ಏಕೆ ಹಸಿರು ಎಂದು ಹುಡುಗಿಯೊಬ್ಬಳು ಕೇಳಿದಳು. (ಕೆರೆಯ ಹಸಿರು ಪಾಚಿಯದು. ಆದರೂ ಪ್ರಶ್ನೆ ಚೆನ್ನಾಗಿತ್ತು.) ರಾಮನ್ ತಮ್ಮ ಬಳಿಯಿದ್ದ ನಿಕೋಲ್ ಪ್ರಿಸಂ ಎಂಬ ಹರಳಿನ ಮೂಲಕ ನೋಡಿ, ಪ್ರತಿಫಲಿಸಿದ ಬೆಳಕನ್ನು ತಡೆದರು. ನೀಲಿ ಹೋಗಲಿಲ್ಲ! ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿದ್ದವು.

ಊರಿಗೆ ಮರಳಿ ದ್ರವಗಳಲ್ಲಿ ಬೆಳಕು ಚದುರುವುದನ್ನು ಏಳು ವರ್ಷ ಪರೀಕ್ಷಿಸಿದರು. 1928ರ ಫೆಬ್ರವರಿ 28ರಂದು ಫಲ ಸಿಕ್ಕಿತು. ಚದುರಿದ ಬೆಳಕಿನಲ್ಲಿ ತೀರ ಕೊಂಚ ಭಾಗ ಬಣ್ಣ ಬದಲಿಸಿಕೊಂಡು ಬರುತ್ತಿತ್ತು. ಜೊತೆಗೆ ದುಡಿದವರು ಕೆ. ಎಸ್. ಕೃಷ್ಣನ್. ನಮ್ಮ ಪುಸ್ತಕಗಳು ಈ ಹೆಸರನ್ನು ಆಗಾಗ ಮರೆಯುತ್ತವೆ, ನೀವು ಮರೆಯಬೇಡಿ. 1930ರಲ್ಲಿ ರಾಮನ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಬಣ್ಣ ಬದಲಾಗುವುದೇಕೆ? ವಸ್ತುವಿನ ಪರಮಾಣುಗಳು ಸದಾ ಕಂಪಿಸುತ್ತಿರುತ್ತವೆ. ಬೆಳಕು ತಾಗಿದಾಗ ಆ ಕಂಪನಕ್ಕೆ ಸ್ವಲ್ಪ ಶಕ್ತಿ ಕೊಡುತ್ತದೆ, ಇಲ್ಲವೇ ಅದರಿಂದ ಪಡೆಯುತ್ತದೆ. ಕಣ್ಣು ಮುಚ್ಚಿಕೊಂಡೇ ನೀವು ಮೃದಂಗವನ್ನೂ ಡೋಲನ್ನೂ ಗುರುತಿಸುತ್ತೀರಲ್ಲ, ಹಾಗೆಯೇ ಬದಲಾದ ಬೆಳಕನ್ನು ನೋಡಿ ವಸ್ತುವನ್ನು ಗುರುತಿಸಬಹುದು.

ಈಗ ಬಿಳಿ ಪುಡಿಗೆ ಬರೋಣ. ಬೆಳಕು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನ್ ಜಾಗ ಬಿಟ್ಟು ಏಳುತ್ತದೆ. ಎದ್ದ ಎಲೆಕ್ಟ್ರಾನ್ ಮತ್ತು ಖಾಲಿಯಾದ ಜಾಗ ಎರಡೂ ಸೇರಿ ಕೊಳೆ ಒಡೆಯುವ ಕೆಲಸ ನಡೆಸುತ್ತವೆ. ತೊಂದರೆ ಎರಡು. ಬಹಳಷ್ಟು ಎಲೆಕ್ಟ್ರಾನುಗಳು ಕೆಲಸಕ್ಕೆ ಮೊದಲೇ ಜಾಗಕ್ಕೆ ಮರಳಿಬಿಡುತ್ತವೆ. ಜೊತೆಗೆ, ಪುಡಿಗೆ ಬೇಕಾದ ನೇರಳಾತೀತ ಕಿರಣ ಬಿಸಿಲಿನಲ್ಲಿ 100ಕ್ಕೆ ಸುಮಾರು 5 ಪಾಲು ಮಾತ್ರ. ಆದ್ದರಿಂದ ಕಣಗಳನ್ನು ಕಿರಿದಾಗಿಸುತ್ತಾರೆ, ಸಾರಜನಕದಂಥ ಬೇರೆ ಧಾತು ಬೆರೆಸುತ್ತಾರೆ, ಹರಳಿನ ಜೋಡಣೆ ಬದಲಿಸುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2000ದ ದಶಕದ ಆರಂಭದಲ್ಲಿ ದಹನ ವಿಧಾನದಿಂದ ಸುಮಾರು 10 ನ್ಯಾನೋಮೀಟರ್ ಗಾತ್ರದ ಕಣಗಳನ್ನು ತಯಾರಿಸಿದರು. ಬಣ್ಣದ ನೀರನ್ನು ತಿಳಿಯಾಗಿಸುವುದರಲ್ಲಿ ಅದು ಅಂಗಡಿಯ ಪುಡಿಗಿಂತ ಚುರುಕಾಗಿತ್ತು. ಒಂದು ಮೀಟರನ್ನು 100 ಕೋಟಿ ಭಾಗ ಮಾಡಿದರೆ ಒಂದು ಭಾಗವೇ ನ್ಯಾನೋಮೀಟರ್.

ಇಲ್ಲೊಂದು ಪೇಚು. ಟೈಟಾನಿಯಂ ಡೈಆಕ್ಸೈಡಿನಲ್ಲಿ ಅನಟೇಸ್, ರೂಟೈಲ್ ಎಂಬ ಬಗೆಗಳಿವೆ. ಇಟ್ಟಿಗೆ ಒಂದೇ, ಗೋಡೆ ಕಟ್ಟಿದ ರೀತಿ ಬೇರೆ. ಈ ಕೆಲಸದಲ್ಲಿ ಸಾಮಾನ್ಯವಾಗಿ ಅನಟೇಸ್ ಮೇಲು. ತಯಾರಿಸುವಾಗ ಕಾವು ಹೆಚ್ಚಾದರೆ ಅದು ರೂಟೈಲ್ ಆಗಿಬಿಡುತ್ತದೆ. ನೋಡಲು ಎರಡೂ ಬಿಳಿ! ಆಗ ಪುಡಿಯ ಮೇಲೆ ಲೇಸರ್ ಬೆಳಕು ಬಿಟ್ಟು, ಚದುರಿದ ಬೆಳಕಿನ ರೋಹಿತವನ್ನು ನೋಡುತ್ತಾರೆ. ಅನಟೇಸ್‌ನ ಗೆರೆಗಳು ಬೇರೆ, ರೂಟೈಲ್‌ನ ಗೆರೆಗಳು ಬೇರೆ. ಕೆಲವೇ ನಿಮಿಷಗಳಲ್ಲಿ ಗುಟ್ಟು ರಟ್ಟು.

ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದು ಇದೇ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಮರುವರ್ಷ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಆ ಅಕಾಡೆಮಿಯ ಪತ್ರಿಕೆಯಲ್ಲಿಯೇ 1950ರಲ್ಲಿ ಪಿ. ಎಸ್. ನಾರಾಯಣನ್ ಅವರು ರೂಟೈಲ್‌ನ ರಾಮನ್ ರೋಹಿತವನ್ನು ಪ್ರಕಟಿಸಿದರು. ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಬಿದ್ದರೆ ನೀರು ಒಡೆಯುತ್ತದೆಂದು ಜಪಾನಿನ ಫ್ಯೂಜಿಶಿಮಾ ಮತ್ತು ಹೋಂಡಾ ಪ್ರಕಟಿಸಿ ಜಗತ್ತಿನ ಗಮನ ಸೆಳೆದದ್ದು 1972ರಲ್ಲಿ. ಅಷ್ಟರಲ್ಲಿ ರಾಮನ್ ಇರಲಿಲ್ಲ. 1970ರ ನವೆಂಬರ್ 21ರಂದು ತೀರಿಕೊಂಡಿದ್ದರು.

ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋದರೆ ಹೆಬ್ಬಾಳ ದಾಟಿದ ಮೇಲೆ ಮೇಖ್ರಿ ವೃತ್ತ ಸಿಗುತ್ತದೆ. ಅದರ ಹತ್ತಿರವೇ ಅವರು ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆ ಇದೆ. ಅವರ ಅಂತ್ಯಸಂಸ್ಕಾರ ನಡೆದದ್ದು ಆ ಆವರಣದಲ್ಲಿಯೇ. ಆ ಜಾಗದಲ್ಲಿ ಒಂದು ಮರ ನೆಟ್ಟರು.